ಬೀರಪ್ಪನವರಿಗೆ ಮುಟ್ಟಿಸದ ತಿಳಿವಳಿಕೆ ಪತ್ರ

ಏಪ್ರಿಲ್ ಬಂತೆಂದರೆ ನಮ್ಮ ಕಚೇರಿಯಲ್ಲಿ ಯಾರೂ ನನ್ನ ಜೊತೆ ಚಹಾ ಕುಡಿಯುತ್ತಿರಲಿಲ್ಲ. ಉಳಿದ ಹನ್ನೊಂದು ತಿಂಗಳು ಕುಡಿಯುತ್ತಿದ್ದರೆಂದು ತಿಳಿಯಬೇಡಿ, ಆಗಲೂ ಕಡಿಮೆಯೇ. ಆದರೆ ಏಪ್ರಿಲ್ ಎಂದರೆ ನೌಕರರ ಗೋಪ್ಯ ವರದಿ ಬರೆಯುವ ತಿಂಗಳು. ಅವನ್ನು ಬೆರಳಚ್ಚು ಮಾಡುವವಳು ನಾನು. ಅವು ಇರುವ ಕಬ್ಬಿಣದ ಕಪಾಟಿನ ಕೀಲಿಕೈ ನನ್ನ ಸೆರಗಿನ ಗಂಟಿನಲ್ಲಿ. ಆ ತಿಂಗಳು ನನ್ನ ಮುಂದೆ ಯಾರಾದರೂ ನಕ್ಕರೆ ಓಲೈಸುತ್ತಿದ್ದಾನೆ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಹೀಗಾಗಿ ಯಾರೂ ನಗುತ್ತಿರಲಿಲ್ಲ. ಬೆನ್ನ ಹಿಂದೆ ನನಗೆ 'ತಿಜೋರಿ' ಎಂದು ಹೆಸರಿಟ್ಟಿದ್ದರು. ಅದು ನನಗೆ ಗೊತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. "ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ ಬಾಯಾರ?" ಎಂದು ಕೇಳಿದರು. ಬೆರಳಚ್ಚು ಯಂತ್ರದ ಕತೆ ಹೇಳಿದೆ, ಐದು ಕಾರ್ಬನ್ ಹಾಕಿ ಹೊಡೆದು ಬೆರಳು ನೋಯುತ್ತಿದ್ದುದನ್ನು ಹೇಳಿದೆ. ಇಬ್ಬರೂ ನಕ್ಕು ಎದ್ದು ಹೋದರು. ಹೇಳಬೇಕಾದದ್ದನ್ನು ಹೇಳಲಿಲ್ಲ. ಮುಂದೆ ಎಂದಾದರೂ ಅವರೂ ಇನ್ನೊಬ್ಬರ ಬಗ್ಗೆ ಎರಡು ಸಾಲು ಬರೆಯುವ ಜಾಗದಲ್ಲಿ ಕೂರುತ್ತಾರೆ. ಅದಕ್ಕಾಗಿ ಇದನ್ನು ಬರೆದಿಡುತ್ತಿದ್ದೇನೆ.

ನಾನಿದ್ದದ್ದು ಬೆಳಗಾವಿಯಲ್ಲಿ, ಜಮೀನು ಅಳೆಯುವ ಕೆಲಸದ ಒಂದು ಕಚೇರಿಯಲ್ಲಿ. ಯಾವುದು, ಎಲ್ಲಿತ್ತು ಎಂದು ಬರೆಯುವುದಿಲ್ಲ. ಅಷ್ಟು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಮನೆ ಶಹಾಪುರದಲ್ಲಿ, ಮನೆಯಲ್ಲಿ ತಾಯಿ. ಮದುವೆ ಆಗಲಿಲ್ಲ. ಯಾಕೆ ಎಂಬುದು ಈ ಬರಹದ ವಿಷಯವಲ್ಲ. ಗೋಪ್ಯ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ನನ್ನ ಜಾಣತನ ಕಾರಣವಲ್ಲ. "ಈ ಬಾಯಿ ಯಾರ ಜೋಡಿನೂ ಮಾತಾಡೂದಿಲ್ಲ, ಇಕಿಗೇ ಕೊಡ್ರಿ" ಎಂದು ಮೊದಲಿನ ಸಾಹೇಬರು ಹೇಳಿದ್ದರಂತೆ. ಒಂಟಿಯಾಗಿದ್ದೆ ಎಂದು ಆ ಕೆಲಸ ಕೊಟ್ಟರು, ಆ ಕೆಲಸದಿಂದ ಇನ್ನಷ್ಟು ಒಂಟಿಯಾದೆ.

ಗೋಪ್ಯ ವರದಿ ಎಂದರೆ ನಾಲ್ಕು ಪುಟದ ಒಂದು ನಮೂನೆ. ಸಮಯಪಾಲನೆ, ಕೆಲಸದ ಪ್ರಮಾಣ, ನಡತೆ, ಪ್ರಾಮಾಣಿಕತೆ, ಕೊನೆಗೆ ಒಟ್ಟು ಅಭಿಪ್ರಾಯ. ವರ್ಷಕ್ಕೊಮ್ಮೆ ಸಾಹೇಬರು ಪ್ರತಿಯೊಬ್ಬ ನೌಕರನ ಮೇಲೂ ಅದನ್ನು ತುಂಬಬೇಕು. ಬಡ್ತಿ ಕೊಡುವಾಗ ಮೇಲಿನವರು ನೋಡುವುದು ಇದನ್ನೇ. ನೌಕರನಿಗೆ ಮಾತ್ರ ಇದನ್ನು ತೋರಿಸುವಂತಿಲ್ಲ. ಒಂದೇ ಒಂದು ರಕ್ಷಣೆ ಇತ್ತು. ಕೆಟ್ಟ ಮಾತು ಬರೆದಿದ್ದರೆ, ಆ ಮಾತನ್ನಷ್ಟೇ ಒಂದು ತಿಳಿವಳಿಕೆ ಪತ್ರದಲ್ಲಿ ಬರೆದು ಅವನ ಕೈಗೆ ಕೊಡಬೇಕು. ಅವನು ಕಚೇರಿಯ ಪ್ರತಿಯ ಮೇಲೆ 'ಮುಟ್ಟಿತು' ಎಂದು ಬರೆದು, ತಾರೀಖು ಹಾಕಿ, ರುಜು ಮಾಡಬೇಕು. ಅಂದಿನಿಂದ ಒಂದು ತಿಂಗಳೊಳಗೆ ತನ್ನ ಸಮಜಾಯಿಷಿ ಬರೆದು, ಆ ಮಾತನ್ನು ತೆಗೆದುಹಾಕಿ ಎಂದು ಕೇಳಬಹುದು. ಈ ಒಂದು ತಿಂಗಳನ್ನು ನೆನಪಿಡಿ.

ಸಾಹೇಬರುಗಳು ನಾನಾ ನಮೂನೆ. ಒಬ್ಬರಿಗೆ ಯಾರ ಮನಸ್ಸೂ ನೋಯಿಸಬಾರದು. ಎಲ್ಲರಿಗೂ 'ಉತ್ತಮ' ಬರೆದು, ವರ್ಷವಿಡೀ ದುಡಿದವನನ್ನೂ ಮೇಜಿನ ಮೇಲೆ ತಲೆಯಿಟ್ಟು ಮಲಗಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ದುಡಿದವರು ಎರಡನೇ ವರ್ಷಕ್ಕೆ ದುಡಿಯುವುದನ್ನು ಬಿಟ್ಟರು. ಇನ್ನೊಬ್ಬರು ಹಿಂದಿನ ವರ್ಷದ ವರದಿ ತರಿಸಿಕೊಂಡು "ಇದ್ದಂಗ ಹೊಡೀರಿ ಬಾಯಾರ" ಅನ್ನುತ್ತಿದ್ದರು. ನಾನೂ ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಒಂದು ವರ್ಷ ಶ್ರಾವಣದಲ್ಲಿ ತೀರಿಕೊಂಡಿದ್ದ ಗುಮಾಸ್ತರೊಬ್ಬರಿಗೆ ಏಪ್ರಿಲಿನಲ್ಲಿ 'ಸಮಯಕ್ಕೆ ಸರಿಯಾಗಿ ಹಾಜರಿರುತ್ತಾರೆ' ಎಂದು ಹೊಡೆದುಕೊಟ್ಟೆ, ಸಾಹೇಬರು ರುಜು ಹಾಕಿದರು. ಅವರ ಮಣ್ಣಿಗೆ ನಾವಿಬ್ಬರೂ ಹೋಗಿ ಬಂದಿದ್ದೆವು. ಮೇಲಿನ ಕಚೇರಿಯಿಂದ ಕಾಗದ ತಿರುಗಿ ಬಂದಾಗ ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಗಲೇ ಹೆದರಬೇಕಿತ್ತು.

ಏಪ್ರಿಲಿನಲ್ಲೂ ನನ್ನ ಜೊತೆ ಕುಳಿತು ಊಟ ಮಾಡುತ್ತಿದ್ದವರು ಒಬ್ಬರೇ ಒಬ್ಬರು, ಭೂಮಾಪಕ ಬೀರಪ್ಪನವರು. ನಂದಗಡದ ಕಡೆಯ ಕುರಿ ಕಾಯುವ ಮನೆತನದಲ್ಲಿ ಮೊದಲು ಸರ್ಕಾರಿ ಕೆಲಸಕ್ಕೆ ಸೇರಿದವರು. ಅವರ ಕೆಲಸ ಖಾನಾಪುರ ತಾಲೂಕಿನಲ್ಲಿ. ಪ್ರತಿ ತಿಂಗಳ ಕೊನೆಯ ಶನಿವಾರ, ತಾವು ಅಳೆದ ಜಮೀನುಗಳ ಪಟ್ಟಿ ಕೊಡಲು ಬೆಳಗಾವಿಗೆ ಬರುತ್ತಿದ್ದರು. ಬಂದವರು ನೇರವಾಗಿ ನನ್ನ ಮೇಜಿನ ಎದುರಿನ ಕುರ್ಚಿ ಎಳೆದುಕೊಳ್ಳುತ್ತಿದ್ದರು.

"ಬಾಯಾರ, ಊಟ ಆತೇನ್ರಿ?"

"ಇನ್ನೂ ಇಲ್ರಿ."

"ಹಂಗಾರ ಬಿಚ್ಚರಿ ಡಬ್ಬಿ. ಒಬ್ಬಾಂವ ಉಂಡ್ರ ನನಗ ರೊಟ್ಟಿ ಇಳಿಯೂದಿಲ್ಲ."

ಬೇಸಿಗೆಯಲ್ಲಿ ಮುತ್ತಲ ಎಲೆಯ ಕೊಟ್ಟೆ ಕಟ್ಟಿ ಕವಳಿ ಹಣ್ಣು ತರುತ್ತಿದ್ದರು. ಖಾನಾಪುರದ ಕಾಡಿನಂಚಿನ ಮುಳ್ಳುಗಂಟಿಯಲ್ಲಿ ಆಗುವ ಕಪ್ಪು ಹಣ್ಣು, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಜವಾನ ಹುಸೇನಸಾಬ ಒಮ್ಮೆ ಅವರ ಕಿವಿಯಲ್ಲಿ "ಏಪ್ರಿಲ್ ಐತ್ರಿ, ಮಂದಿ ಏನ ತಿಳಕೊಂಡಾರು" ಎಂದ. ಬೀರಪ್ಪನವರು ದನಿ ತಗ್ಗಿಸದೆ ಹೇಳಿದರು: "ಬಾಯಾರ ಕಪಾಟಿನಾಗ ನಂದೂ ಒಂದ ಕಾಗದ ಇರಬೇಕು. ಇರಲಿ ಬಿಡೋ. ನಾ ಅಳದದ್ದು ಕಪಾಟಿನಾಗ ಇಲ್ಲ, ಹೊಲದಾಗ ಐತಿ." ಆ ಅರ್ಧ ಗಂಟೆಗಾಗಿ ನಾನು ತಿಂಗಳಿಡೀ ಕಾಯುತ್ತಿದ್ದೆ. ಇದನ್ನು ಹೇಳಲು ಈಗ ನಾಚಿಕೆಯಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಏಪ್ರಿಲಿನ ಮೊದಲ ವಾರ. ಆಗಿನ ಸಾಹೇಬರು ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ. ದಿಢೀರನೆ ವರ್ಗದ ಆದೇಶ ಬಂತು. ಶುಕ್ರವಾರ ಬೆಳಿಗ್ಗೆ ನನ್ನನ್ನು ಕರೆದರು. ಮೇಜಿನ ಮೇಲೆ ಖಾಲಿ ನಮೂನೆಗಳ ರಾಶಿ.

"ನೀಲಾಬಾಯಿಯವರೇ, ಸೋಮವಾರ ನಾನು ಅಲ್ಲಿ ಹಾಜರಾಗಬೇಕು. ಇದಿಷ್ಟೂ ಬರೆಯೋದು ಬಾಕಿ. ನೀವೇ ಬರೆದುಬಿಡಿ, ನಾನು ರುಜು ಹಾಕ್ತೀನಿ."

"ನಾ ಹೆಂಗ ಬರೀಲ್ರಿ ಸಾಹೇಬ್ರ? ಅದು ನಿಮ್ಮ ಅಭಿಪ್ರಾಯ ಅಲ್ರಿ?"

"ನನಗೂ ಎಲ್ಲರೂ ಎಲ್ಲಿ ಗೊತ್ತು? ತಿಂಗಳ ಪಟ್ಟಿಗಳಿವೆಯಲ್ಲ, ಅದನ್ನ ನೋಡಿ ಬರೀರಿ. ಅಂಕಿಗೆ ಯಾರ ಮೇಲೂ ಪ್ರೀತಿ ಇರಲ್ಲ."

ಆ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಪಟ್ಟಿಗಳನ್ನು ಹರಡಿಕೊಂಡು ಕುಳಿತೆ. ಬೆಳಗಾವಿ ಸುತ್ತಲಿನ ಕೆಲಸ ನೋಡುತ್ತಿದ್ದ ಶಿವಲಿಂಗಪ್ಪ ಎಂಬ ಭೂಮಾಪಕರು ತಿಂಗಳಿಗೆ ಸುಮಾರು ಮೂವತ್ತು ಜಮೀನು ಅಳೆದಿದ್ದರು. ಬೀರಪ್ಪನವರದು ಹನ್ನೊಂದು, ಹನ್ನೆರಡು, ಮಳೆಗಾಲದಲ್ಲಿ ನಾಲ್ಕು. ಅವರು ಹಿಂದಿನ ಶನಿವಾರವಷ್ಟೇ ತಂದುಕೊಟ್ಟ ಕವಳಿ ಹಣ್ಣಿನ ಕೊಟ್ಟೆ ಇನ್ನೂ ನನ್ನ ಮೇಜಿನ ಖಾನೆಯಲ್ಲಿತ್ತು. ನನಗೆ ಭಯವಾಯಿತು. ಇವರಿಗೆ 'ಉತ್ತಮ' ಎಂದು ಬರೆದರೆ ಅದು ಹಣ್ಣಿಗೆ ಬರೆದದ್ದೋ, ಎದುರು ಕೂತು ಉಂಡದ್ದಕ್ಕೆ ಬರೆದದ್ದೋ? ನನ್ನ ಕೈ ಶುದ್ಧವಾಗಿರಬೇಕು ಎಂದುಕೊಂಡೆ. 'ಕೆಲಸದಲ್ಲಿ ಮಂದಗತಿ' ಎಂದು ಹೊಡೆದೆ. ಅದರ ಹಿಂದೆಯೇ ಬೆರಳು ತಾನಾಗಿ 'ಆಸಕ್ತಿ ಸಾಲದು' ಎಂದು ಹೊಡೆಯಿತು. ಎಷ್ಟೋ ವರ್ಷಗಳಿಂದ ಆ ಎರಡು ಮಾತನ್ನು ಜೋಡಿಯಾಗಿಯೇ ಹೊಡೆದು ರೂಢಿಯಾಗಿತ್ತು. ಅಳಿಸಬಹುದಿತ್ತು. ಅಳಿಸಿದರೆ ಹಾಳೆ ಕೊಳಕಾಗುತ್ತದೆ ಎಂದು ಬಿಟ್ಟೆ.

ಸಂಜೆ ಸಾಹೇಬರು ಅಷ್ಟಕ್ಕೂ ರುಜು ಹಾಕಿದರು. ಒಂದನ್ನೂ ಓದಲಿಲ್ಲ. ನನಗೆ ಅಂದು ದುಃಖವಾಗಲಿಲ್ಲ, ಹೆಮ್ಮೆಯಾಯಿತು. ಸ್ನೇಹಿತನನ್ನೂ ಬಿಡದೆ ನ್ಯಾಯವಾಗಿ ಬರೆದೆ ಎಂಬ ಹೆಮ್ಮೆ. ಖಾನಾಪುರದ ಒಂದು ಹೊಲವನ್ನೂ ನಾನು ಅಲ್ಲಿಯವರೆಗೆ ಕಣ್ಣಿನಿಂದ ನೋಡಿರಲಿಲ್ಲ.

ಮುಂದಿನ ವಾರ ಬದಲಿ ಸಾಹೇಬರು ನಿಯಮದಂತೆ ತಿಳಿವಳಿಕೆ ಪತ್ರಕ್ಕೆ ರುಜು ಹಾಕಿ ನನ್ನ ಕೈಗೆ ಕೊಟ್ಟರು, ಮುಟ್ಟಿಸುವ ಕೆಲಸ ನನ್ನದು. ತಿಂಗಳ ಕೊನೆಗೆ ಬೀರಪ್ಪನವರು ಬಂದರು. ಕುರ್ಚಿ ಎಳೆದುಕೊಂಡರು, ರೊಟ್ಟಿ ಬಿಚ್ಚಿದರು, ಶೇಂಗಾ ಚಟ್ನಿಯನ್ನು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿದರು. ಪತ್ರ ಖಾನೆಯಲ್ಲಿತ್ತು, ನನ್ನ ಮೊಣಕೈಯಿಂದ ಒಂದು ಗೇಣು. ಊಟ ಆಗಲಿ, ಆಮೇಲೆ ಕೊಡೋಣ ಎಂದುಕೊಂಡೆ. ಊಟವಾಯಿತು, ಕೈ ತೊಳೆದು ಅವರು ಹೊರಟರು. ಮೇ ತಿಂಗಳಲ್ಲಿ ಮಗಳ ಲಗ್ನಪತ್ರಿಕೆ ಹಿಡಿದು ಬಂದರು. "ನೀವು ಬರಾಕ ಬೇಕ್ರಿ ಬಾಯಾರ, ನಮ್ಮ ಮಂದ್ಯಾಗ ನೀವೂ ಒಬ್ಬರು" ಎಂದರು. ಲಗ್ನಪತ್ರಿಕೆ ತೆಗೆದುಕೊಂಡ ಕೈಯಿಂದ ಆ ಪತ್ರ ಹೇಗೆ ಕೊಡಲಿ? ಜೂನಿನಲ್ಲಿ ಕೊಡಬಹುದಿತ್ತು. ಆದರೆ ಜೂನಿನಲ್ಲಿ ಕೊಟ್ಟರೆ ಏಪ್ರಿಲಿನಲ್ಲಿ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಪತ್ರ ಮುಟ್ಟಿಸಿದ್ದನ್ನು ದಾಖಲಿಸುವ ಬಟವಾಡೆ ವಹಿಯಲ್ಲಿ ಅವರ ಹೆಸರಿನ ಎದುರಿನ ಅಂಕಣ ಖಾಲಿಯೇ ಉಳಿಯಿತು. ಅದನ್ನು ಯಾರೂ ನೋಡಲಿಲ್ಲ. ನಾನೊಬ್ಬಳೇ ನೋಡುತ್ತಿದ್ದೆ.

ಆ ಚಳಿಗಾಲದಲ್ಲಿ ಹೊಸ ಸಾಹೇಬರು ತಪಾಸಣೆಗೆಂದು ಖಾನಾಪುರಕ್ಕೆ ಹೊರಟರು. ಟಿಪ್ಪಣಿ ಬರೆದುಕೊಳ್ಳಲು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡರು. ಖಾನಾಪುರ ದಾಟಿ ಪಶ್ಚಿಮಕ್ಕೆ ಹೋಗಿ, ಜೀಪು ನಿಲ್ಲಿಸಿ, ಹಳ್ಳ ದಾಟಿ ನಡೆದೆವು. ಮುಳ್ಳುಕಂಟಿಯೊಳಗೆ ಬೀರಪ್ಪನವರು ಇಬ್ಬರು ಆಳುಗಳೊಂದಿಗೆ ಅಳತೆಯ ಸರಪಳಿ ಎಳೆಯಲು ದಾರಿ ಕಡಿಸುತ್ತಿದ್ದರು. ತೋಳಿನ ತುಂಬ ಗೀರು. ಪಕ್ಕದಲ್ಲಿ ಜಮೀನಿನ ಒಡತಿ, ಒಬ್ಬ ಮರಾಠಿ ಅಜ್ಜಿ, ಕುಳಿತಿದ್ದಳು. ಅವಳಿಗಿದ್ದದ್ದು ಒಂದು ತುಂಡು ಭತ್ತದ ಗದ್ದೆ. ಪಕ್ಕದವನು ಒತ್ತಿದ್ದಾನೆ ಎಂಬುದು ಅವಳ ದೂರು.

ಹಳೆಯ ನಕ್ಷೆಯಲ್ಲಿ ತೋರಿಸಿದ್ದ ಬಾಂದಗಲ್ಲು, ಅಂದರೆ ಹದ್ದಿನ ಕಲ್ಲು, ಎಲ್ಲಿಯೂ ಕಾಣುತ್ತಿರಲಿಲ್ಲ. ಅಳತೆ ಶುರುವಾಗಬೇಕಾದದ್ದೇ ಅಲ್ಲಿಂದ.

"ಈ ಬಂಡಿಗಲ್ಲಿನಿಂದನ ಹಿಡಿಯೂಣ್ರಿ, ಸರೀನ ಬರತೈತಿ" ಎಂದ ಒಬ್ಬ ಆಳು.

"ಸರೀನ ಬರತೈತಿ ಅಂದ್ರ ಆಗೂದಿಲ್ಲಪಾ" ಎಂದರು ಬೀರಪ್ಪನವರು. "ಎರಡ ಮಾರು ಆಕಡೆ ಈಕಡೆ ಆದ್ರ ಆಯೀಗೆ ಉಳಿಯೂದು ಬರೇ ಬದು. ಅಗಿ."

ಅಜ್ಜಿಯ ಕಡೆ ತಿರುಗಿ ಮರಾಠಿಯಲ್ಲಿ ಏನೋ ಸಮಾಧಾನ ಹೇಳಿದರು, ಅವಳು ತಲೆಯಾಡಿಸಿದಳು. ಅಗೆದರು. ಮತ್ತೊಂದು ಕಡೆ ಅಗೆದರು. ನಮ್ಮ ಸಾಹೇಬರು ಬೇಸತ್ತು ಜೀಪಿಗೆ ಹೋಗಿ ಕುಳಿತರು. ಬಿಸಿಲು ಇಳಿಯುವ ಹೊತ್ತಿಗೆ ಮೊಣಕಾಲುದ್ದ ಮಣ್ಣಿನ ಕೆಳಗೆ ಕಲ್ಲು ಸಿಕ್ಕಿತು. ಬೀರಪ್ಪನವರು ಅಂಗೈಯಿಂದ ಅದರ ಮಣ್ಣು ಒರೆಸಿ ನನ್ನ ಕಡೆ ನೋಡಿ ನಕ್ಕರು. "ನೋಡ್ರಿ ಬಾಯಾರ, ಇವತ್ತಿನ ದಿವಸ ಇಷ್ಟ. ಅಳತಿ ನಾಳಿಗೆ." ತಿಂಗಳ ಪಟ್ಟಿಯಲ್ಲಿ ಆ ದಿನಕ್ಕೆ ಬೀಳುವುದು ಸೊನ್ನೆ.

ಶಿವಲಿಂಗಪ್ಪನವರೂ ಮೋಸಗಾರರಲ್ಲ. ಅವರ ಪಾಲಿಗೆ ಬಂದದ್ದು ಬಯಲು ನೆಲ, ಒಂದರ ಪಕ್ಕ ಒಂದು ಜಮೀನು, ಎಲ್ಲ ಕಲ್ಲುಗಳೂ ಕಣ್ಣಿಗೆ ಕಾಣುವಂಥವು. ಮೂವತ್ತು ಅಳೆದರು. ತಪ್ಪು ಅಂಕಿಯದೂ ಅಲ್ಲ. ಎರಡು ಬೇರೆ ನೆಲದ ಅಂಕಿಯನ್ನು ಕುರ್ಚಿಯ ಮೇಲೆ ಕುಳಿತು ಪಕ್ಕಪಕ್ಕ ಇಟ್ಟವಳದು. ಅಜ್ಜಿಯ ಗದ್ದೆ ಎರಡು ಮಾರು ಸರಿಯಬಾರದೆಂದು ಬೀರಪ್ಪನವರು ಒಂದು ದಿನ ಅಗೆಸಿದ್ದರು. ಅವರನ್ನು ಅಳೆಯಲು ನಾನು ಅರ್ಧ ತಾಸನ್ನೂ ಕೊಟ್ಟಿರಲಿಲ್ಲ.

ಹಿಂತಿರುಗುವಾಗ ದೇಸೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಸಾಹೇಬರಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು "ಸಾಹೇಬ್ರ" ಎಂದೆ. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಉದ್ದನೆಯ ಗಾಡಿ. ಅದು ಹೋಗುವಷ್ಟರಲ್ಲಿ ನಾನು ಲೆಕ್ಕ ಹಾಕಿ ಮುಗಿಸಿದ್ದೆ. ವರದಿ ಬರೆದವಳು ನಾನು ಎಂದರೆ ಹಳೆಯ ಸಾಹೇಬರಿಗೆ ಕುತ್ತು, ಪತ್ರ ಮುಟ್ಟಿಸಲಿಲ್ಲ ಎಂದರೆ ನನಗೆ ಕುತ್ತು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ.

"ಏನೋ ಅನ್ನಾಕತ್ತಿದ್ರಿ?" ಎಂದರು ಸಾಹೇಬರು.

"ಏನಿಲ್ರಿ" ಎಂದೆ.

ಎರಡು ವರ್ಷದ ನಂತರ ಬಡ್ತಿಯ ಪಟ್ಟಿ ಬಂತು. ಶಿವಲಿಂಗಪ್ಪನವರ ಹೆಸರಿತ್ತು. ಅವರಿಗಿಂತ ಮೊದಲು ಸೇವೆಗೆ ಸೇರಿದ್ದ ಬೀರಪ್ಪನವರ ಹೆಸರಿರಲಿಲ್ಲ. ಆ ಶನಿವಾರ ಅವರು ಬಂದಾಗ ಕೈಯಲ್ಲಿ ಡಬ್ಬಿ ಇರಲಿಲ್ಲ. ಕುರ್ಚಿಯನ್ನೂ ಎಳೆಯಲಿಲ್ಲ.

"ಬಾಯಾರ, ಒಂದ ಮಾತು ಕೇಳ್ತೀನ್ರಿ. ನನ್ನ ಕಾಗದದಾಗ ಏನರ ಕೆಟ್ಟ ಬಂದಿತ್ತೇನ್ರಿ?"

ನಾನು ಬೆರಳಚ್ಚು ಯಂತ್ರದ ಕಡೆ ನೋಡುತ್ತ ಹೇಳಿದೆ: "ಅದು ಗೋಪ್ಯ ಇರತೈತ್ರಿ. ನನಗ ಹೇಳಾಕ ಬರೂದಿಲ್ಲ."

"ಖರೇ ಅದ್ರಿ. ನಾ ಕೇಳಬಾರದಿತ್ತು" ಎಂದು ಹೋದರು. ನಾನು ವೃತ್ತಿಯಲ್ಲಿ ಆಡಿದ ಸುಳ್ಳುಗಳು ಹಲವು ಇರಬಹುದು. ಆದರೆ ಒಂದು ನಿಯಮವನ್ನು ಎತ್ತಿ ಹಿಡಿದು, ಅದರ ಹಿಂದೆ ಬಚ್ಚಿಟ್ಟುಕೊಂಡದ್ದು ಆ ಒಂದೇ ಸಲ. ಅಲ್ಲಿಂದ ಮುಂದೆ ಅವರು ತಿಂಗಳ ಪಟ್ಟಿಯನ್ನು ಬೇರೆಯವರ ಕೈಯಲ್ಲಿ ಕಳಿಸತೊಡಗಿದರು. ಎದುರಿನ ಕುರ್ಚಿಯ ಮೇಲೆ ನಾನು ಕಡತಗಳನ್ನು ಒಟ್ಟಿದೆ. ಖಾಲಿ ಕುರ್ಚಿಗಿಂತ ಅದು ವಾಸಿ ಎನಿಸಿತು.

ಎಂಬತ್ತರ ದಶಕದಲ್ಲಿ ಪದ್ಧತಿ ಬದಲಾಯಿತು. ಹೊಸ ಬೆರಳಚ್ಚು ಯಂತ್ರ ಬಂತು. ವರದಿಯ ಮೊದಲ ಪುಟದಲ್ಲಿ ನೌಕರ ತನ್ನ ವರ್ಷದ ಕೆಲಸವನ್ನು ತಾನೇ ಬರೆಯಬೇಕು ಎಂದಾಯಿತು. ಒಳ್ಳೆಯ ಬದಲಾವಣೆ. ಬಹಳ ಮಂದಿ ತಮ್ಮನ್ನು ತಾವೇ ಹೊಗಳಿಕೊಂಡು ಪುಟ ಸಾಲದೆ ಹಾಳೆ ಅಂಟಿಸುತ್ತಿದ್ದರು. ಬೀರಪ್ಪನವರ ಪುಟದಲ್ಲಿ ಒಂದೇ ಸಾಲು ಇರುತ್ತಿತ್ತು: 'ಬಾಂದಗಲ್ಲು ಸಿಕ್ಕ ಮೇಲೆಯೇ ಅಳತೆ ಮಾಡಿರುತ್ತೇನೆ.' ಆಗಿನ ಸಾಹೇಬರು ಖಾನಾಪುರ ಸುತ್ತಿದವರು, 'ಅತ್ಯುತ್ತಮ' ಎಂದು ತಮ್ಮ ಕೈಯಿಂದಲೇ ಬರೆದರು. ಆ ಹೊತ್ತಿಗೆ ಬೀರಪ್ಪನವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಸೇರಿದಾಗ ಭೂಮಾಪಕ, ಬಿಟ್ಟಾಗಲೂ ಭೂಮಾಪಕ.

ಅವರು ನಿವೃತ್ತರಾದ ವರ್ಷ ತಾಯಿ ತೀರಿಕೊಂಡಳು. ಮರುವರ್ಷ ನಾನೂ ನಿವೃತ್ತಳಾದೆ. ಹಾರ ಹಾಕಿದರು, 'ಬಾಯಾರ ಬಾಯಿಂದ ಒಂದು ಮಾತೂ ಹೊರಗೆ ಬಿದ್ದಿಲ್ಲ' ಎಂದು ಭಾಷಣ ಮಾಡಿದರು. ಕೀಲಿಕೈ ಒಪ್ಪಿಸಿದೆ. ನನ್ನ ಮೇಜಿನ ಖಾನೆಯ ತಳದಲ್ಲಿದ್ದ ಆ ತಿಳಿವಳಿಕೆ ಪತ್ರ ಮತ್ತು ಅದರ ಕಚೇರಿಯ ಪ್ರತಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಹಾಗೆ ತರುವಂತಿರಲಿಲ್ಲ, ತಂದೆ.

ಶಹಾಪುರದ ಮನೆ ಬಿಟ್ಟು ಈಗ ನೆಹರು ನಗರದಲ್ಲಿ ಎರಡು ಕೋಣೆಯಲ್ಲಿದ್ದೇನೆ. ಪಕ್ಕದ ಕೋಣೆಗಳಿಗೆ ಆಸ್ಪತ್ರೆಯ ರೋಗಿಗಳ ಮನೆಯವರು ಬರುತ್ತಾರೆ, ವಾರವೋ ಹದಿನೈದು ದಿನವೋ ಇದ್ದು ಹೋಗುತ್ತಾರೆ. ಹೆಸರು ಗೊತ್ತಾಗುವ ಹೊತ್ತಿಗೆ ಹೊಸಬರು. ಯಾರಿಗೂ ನನ್ನ ಬಗ್ಗೆ ಅಂಜಿಕೆಯಿಲ್ಲ, ಯಾರಿಗೂ ನನ್ನ ಅಗತ್ಯವೂ ಇಲ್ಲ. ಒಂಟಿತನಕ್ಕೆ ಕಚೇರಿಯೇ ಕಾರಣ ಎಂದು ಎಷ್ಟು ವರ್ಷ ಹೇಳಿಕೊಂಡು ಬಂದಿದ್ದೆನೋ, ಆ ನೆಪವೂ ಕೈಬಿಟ್ಟಿತು. ಒಂದು ಬೆಳಿಗ್ಗೆ ಪತ್ರ ಚೀಲದಲ್ಲಿಟ್ಟುಕೊಂಡು ಖಾನಾಪುರದ ರೈಲು ಹತ್ತಿದೆ. ಅಲ್ಲಿಂದ ನಂದಗಡಕ್ಕೆ ಬಸ್ಸು.

ಬೀರಪ್ಪನವರು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಬರ್ರಿ ಬಾಯಾರ, ಕುಂದರ್ರಿ. ಊಟ ಆತೇನ್ರಿ?"

ಅದೇ ಮಾತು. ನನಗೆ ಕುಳಿತುಕೊಳ್ಳಲು ಆಗಲಿಲ್ಲ. ನಿಂತೇ ಪತ್ರ ಕೊಟ್ಟೆ. ಅವರು ಒಳಗಿನಿಂದ ಚಸಮಾ ತರಿಸಿ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು.

"ಇದು ಯಾವಾಗಿಂದ್ರಿ?"

"ಹನ್ನೊಂದ ವರ್ಷ ಆತ್ರಿ. ನಿಮಗ ಮುಟ್ಟಸೂದು ನನ್ನ ಕೆಲಸ ಇತ್ತು. ಮುಟ್ಟಸಲಿಲ್ಲ."

"ಯಾಕ್ರಿ?"

"ನಾಚಿಕಿ ಆತ್ರಿ. ಎದುರ ಕುಂತ ಉಣ್ಣಾವರಿಗೆ ಹೆಂಗ ಕೊಡೂದು ಅಂತ."

ಅವರು ಪತ್ರವನ್ನು ಮಡಚಿದರು. "ನಾಚಿಕಿ ನಿಮಗಾತು" ಎಂದರು ಮೆಲ್ಲಗೆ. "ಬಡ್ತಿ ಇಲ್ಲದ ಕುಂತಲ್ಲೇ ಕುಂತಾಂವ ನಾನ್ರಿ."

ಕಚೇರಿಯ ಪ್ರತಿಯನ್ನೂ ಚೀಲದಿಂದ ತೆಗೆದು ಮುಂದೆ ಹಿಡಿದೆ. ಅವರು ಪೆನ್ನು ಕೇಳಿದರು. ಕಚೇರಿಯ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು 'ಮುಟ್ಟಿತು' ಎಂದು ಬರೆದರು. ಅಂದಿನ ತಾರೀಖು ಹಾಕಿ ರುಜು ಮಾಡಿದರು.

"ಉತ್ತರ ಕೊಡಾಕ ಒಂದ ತಿಂಗಳಲ್ರಿ?"

"ಹೌದ್ರಿ. ಆದ್ರ ಬೀರಪ್ಪನವರ, ಆ ಸಾಹೇಬ್ರು ತೀರಕೊಂಡು ಮೂರ ವರ್ಷ ಆತು. ಈಗ ಯಾರಿಗೆ ಕೊಡ್ತೀರಿ?"

"ಇರಲಿ. ಬರದಾವ್ರಿಗೇ ಬರೀತೀನಿ. ಖಾನಾಪುರದ ಕಡೆ ಒಮ್ಮಿನೂ ಕಾಲಿಡದಾವ್ರಿಗೆ ನಾ ಮಂದ ಅಂತ ಹೆಂಗ ತಿಳೀತು, ಅಷ್ಟ ಕೇಳೂದೈತಿ."

ಬರೆದವಳು ಅವರ ಎದುರೇ ನಿಂತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಅವರ ಹೆಂಡತಿ ಚಹಾ ತಂದರು, ಕುಡಿದೆ. ಬೀರಪ್ಪನವರು ಬಸ್ ನಿಲ್ದಾಣದವರೆಗೆ ಬಂದು, ನನ್ನ ವಿಳಾಸ ಬರೆದುಕೊಂಡು, ಬಸ್ಸು ಬರುವವರೆಗೂ ಪಕ್ಕದಲ್ಲಿ ನಿಂತರು. ಅರ್ಧ ತಪ್ಪನ್ನು ಒಪ್ಪಿಕೊಂಡು ಉಳಿದರ್ಧವನ್ನು ಸತ್ತವರ ತಲೆಗೆ ಕಟ್ಟಿ ಬಂದೆ.

ಸರಿಯಾಗಿ ಮೂವತ್ತನೆಯ ದಿನ ಅಂಚೆಯವನು ದಪ್ಪ ಲಕೋಟೆ ಕೊಟ್ಟು ಹೋದ. ಒಳಗೆ ಗೆರೆ ಹಾಕಿದ ಎಂಟು ಹಾಳೆ. ಮೇಲೆ ಆ ಸಾಹೇಬರ ಹುದ್ದೆ, ಅದರ ಕೆಳಗೆ 'ಮೂಲಕ: ನೀಲಾಬಾಯಿಯವರು'. ನೌಕರ ಬರೆದದ್ದೆಲ್ಲ ಕಚೇರಿಯ ಮೂಲಕವೇ ಮೇಲಕ್ಕೆ ಹೋಗಬೇಕು, ಮೂಲಕ ಕಳಿಸುವವರು ಅಂಚಿನಲ್ಲಿ ತಮ್ಮ ಷರಾ, ಅಂದರೆ ಅಭಿಪ್ರಾಯ, ಬರೆಯಬೇಕು ಎಂಬ ಪದ್ಧತಿಯನ್ನು ಅವರು ಮರೆತಿರಲಿಲ್ಲ.

ವರದಿಯ ಆ ವರ್ಷ ಅಳೆದ ಪ್ರತಿ ಜಮೀನಿನ ವಿವರ ಅದರಲ್ಲಿತ್ತು. ಯಾವ ಊರು, ಎಷ್ಟು ಹಳ್ಳ ದಾಟಬೇಕು, ಎಷ್ಟು ದಿನ ಕಂಟಿ ಕಡಿದದ್ದು, ಯಾವ ಕಲ್ಲು ಎಷ್ಟು ಆಳದಲ್ಲಿ ಸಿಕ್ಕಿತು. ನೆನಪಿಗೆ ಬಾರದ ಕಡೆ ಮತ್ತೆ ಹೋಗಿ ನೋಡಿ ಬಂದಿದ್ದರು, ಹಾಗೆಂದು ಬರೆದಿದ್ದರು. ಯಾರ ಮೇಲೂ ಒಂದು ಕಟು ಮಾತಿಲ್ಲ. ಕೊನೆಗೆ: 'ಆದ ಕಾರಣ ಮಂದಗತಿ ಎಂಬ ಮಾತನ್ನು ಮರುಪರಿಶೀಲಿಸಬೇಕು. ಆಸಕ್ತಿ ಸಾಲದು ಎಂಬ ಮಾತಿಗೆ ಆಧಾರ ಏನೆಂದು ತಿಳಿಸಬೇಕು.'

ಎರಡು ದಿನ ಆ ಹಾಳೆಗಳನ್ನು ಮೇಜಿನ ಮೇಲಿಟ್ಟುಕೊಂಡಿದ್ದೆ. ಮೂರನೆಯ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅಂಚಿನಲ್ಲಿ ಷರಾ ಬರೆದೆ. ಅದನ್ನು ಇಲ್ಲಿ ಇದ್ದಂತೆ ಕೊಡುತ್ತೇನೆ:

'ಸದರಿ ಮಾತುಗಳು ಸಾಹೇಬರವಲ್ಲ. ಬರೆದವಳು ನಾನು. ಸಾಹೇಬರು ಓದದೆ ರುಜು ಹಾಕಿದ್ದಾರೆ. ಮಂದಗತಿ ಎಂದು ಬರೆಯುವ ಮೊದಲು ನೆಲ ನೋಡಿರಲಿಲ್ಲ. ಆಸಕ್ತಿ ಸಾಲದು ಎಂಬುದಕ್ಕೆ ಯಾವ ಆಧಾರವೂ ಇಲ್ಲ, ಬೆರಳಿನ ರೂಢಿಯಿಂದ ಹೊಡೆದದ್ದು. ತಪ್ಪಾಗಿದೆ ಎಂದು ಅದೇ ಚಳಿಗಾಲದಲ್ಲಿ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ. ಎರಡೂ ಮಾತುಗಳನ್ನು ತೆಗೆಯತಕ್ಕದ್ದು. ತೆಗೆಯುವ ಅಧಿಕಾರ ನನಗಿಲ್ಲ.'

ಮೂಲಕ ಕಳಿಸಲು ಮೇಲೆ ಯಾರೂ ಉಳಿದಿರಲಿಲ್ಲ. ಬೀರಪ್ಪನವರಿಗೇ ಹಿಂದಕ್ಕೆ ಕಳಿಸಿದೆ, ರಿಜಿಸ್ಟರ್ ಅಂಚೆಯಲ್ಲಿ, ಮುಟ್ಟಿದ್ದಕ್ಕೆ ರಸೀದಿ ಬೇಕೆಂದು ಕಾರ್ಡು ಲಗತ್ತಿಸಿ. ವಾರದ ಮೇಲೆ ಕಾರ್ಡು ತಿರುಗಿ ಬಂತು. ಬೀರಪ್ಪನವರ ರುಜು, ಒಂದೊಂದು ಅಕ್ಷರವೂ ನಿಧಾನವಾಗಿ ಕೂಡಿಸಿ ಬರೆದದ್ದು, ಅದರ ಕೆಳಗೆ ತಾರೀಖು. ಬೇರೆ ಒಂದು ಮಾತಿಲ್ಲ.

ಅದಾಗಿ ಎರಡು ಬೇಸಿಗೆ ಕಳೆದಿವೆ. ಹೊಸ ಹುಡುಗಿಯರೇ, ಕೊಡಬೇಕಾದ ಪತ್ರವನ್ನು ಅಂದೇ ಕೊಡಿ, ಊಟಕ್ಕೆ ಮೊದಲು ಕೊಡಿ. ಕಾರ್ಡನ್ನು ನಾನು ಊಟದ ಮೇಜಿನ ಮೇಲೆ, ಎದುರಿನ ಕುರ್ಚಿಯ ಕಡೆ ಇಟ್ಟಿದ್ದೇನೆ. ಉತ್ತರ ಬರೆಯಲು ಬೀರಪ್ಪನವರಿಗೆ ನಾನು ಒಂದು ತಿಂಗಳೆಂದು ಅವಧಿ ಹಾಕಿಲ್ಲ.